ಹುಡುಗ ಗಲ್ಫ್‌ನಲ್ಲಿದ್ದಾನೆ, ಹುಡುಗಿ ಎಲ್ಲಿರುತ್ತಾಳೆ?

'ಹುಡುಗ ಸೌದಿಯಲ್ಲಿದ್ದಾನೆ' ಎಂಬ ಮಾತಿಗೆ ನಮ್ಮ ಕಡೆಯ ಮದುವೆ ಮಾತುಕತೆಗಳಲ್ಲಿ ಬಹಳ ತೂಕವಿದೆ. ಆ ಮಾತು ಕಿವಿಗೆ ಬಿದ್ದ ಮೇಲೆ ಹುಡುಗಿಯ ಮನೆಯವರು ಉಳಿದ ಪ್ರಶ್ನೆಗಳನ್ನು ಕೇಳಲು ಸಂಕೋಚಪಡುತ್ತಾರೆ. ಎಷ್ಟು ತೊಲ ಚಿನ್ನ, ಯಾವ ಶಾದಿ ಮಹಲ್, ಎಷ್ಟು ಜನರ ಊಟ ಎಂಬುದು ಗಂಟೆಗಟ್ಟಲೆ ಚರ್ಚೆಯಾಗುತ್ತದೆ. ನಿಕಾಹ್ ಆದ ಮೇಲೆ ಹುಡುಗಿ ಎಲ್ಲಿ ಇರುತ್ತಾಳೆ, ಗಂಡನ ಜೊತೆಯಲ್ಲೋ ಅತ್ತೆಯ ಮನೆಯಲ್ಲೋ ಎಂಬುದನ್ನು ಯಾರೂ ಎತ್ತುವುದಿಲ್ಲ. ಯಾರಾದರೂ ಎತ್ತಿದರೂ 'ಒಂದೆರಡು ವರ್ಷದಲ್ಲಿ ಫ್ಯಾಮಿಲಿ ವೀಸಾ ಮಾಡಿಸುತ್ತಾನೆ' ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ.

ಕರಾವಳಿಯ ಭಟ್ಕಳ, ಮಂಗಳೂರು ಕಡೆಯವರಿಗೆ ಗಲ್ಫ್ ಎಂಬುದು ಎರಡು ಮೂರು ತಲೆಮಾರಿನ ಅನುಭವ. ಯಾವ ವೀಸಾಕ್ಕೆ ಯಾವ ಕಾಗದ ಬೇಕೆಂದು ಅಲ್ಲಿನ ಮನೆಯ ಹಿರಿಯ ಹೆಂಗಸರೂ ಹೇಳಬಲ್ಲರು. ನಮ್ಮ ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆ ಹಾಗಿಲ್ಲ. ಇಲ್ಲಿಂದ ಡ್ರೈವರ್, ಗೌಂಡಿ, ಎಲೆಕ್ಟ್ರಿಶಿಯನ್, ಅಂಗಡಿ ಸಹಾಯಕರಾಗಿ ಹೋಗುವ ಹುಡುಗರಿಗೆ ದಾರಿ ತೋರಿಸುವ ಹಿರಿಯರು ಕಡಿಮೆ. ಕೇಳಿದ್ದೇ ಕಾನೂನು, ಏಜೆಂಟ್ ಹೇಳಿದ್ದೇ ನಿಯಮ ಎಂಬಂತಾಗಿದೆ. ಅದರ ಬೆಲೆಯನ್ನು ಹೆಚ್ಚಾಗಿ ತೆರುವವಳು ಹೊಸದಾಗಿ ಮದುವೆಯಾದ ಹೆಣ್ಣುಮಗಳು.

ಇತ್ತೀಚೆಗೆ ಪರಿಚಯದ ತಂದೆಯೊಬ್ಬರು ಹೇಳಿದರು: "ಮೌಲಾನಾ, ಒಂದ ವರ್ಷದಾಗ ಕರಕೊಂಡ ಹೋಗ್ತೀನಿ ಅಂತ ಅಳಿಯ ಹೇಳಿದ್ದಾರಿ. ಈಗ ಮೂರ ವರ್ಷ ಆತು. ಮಗಳು ಅತ್ತಿ ಮನ್ಯಾಗ ಎಂಟ ದಿನ, ನಮ್ಮ ಮನ್ಯಾಗ ಎಂಟ ದಿನ. ಯಾವ ಮನಿ ಅಕೀದು ಅಂತ ಅಕೀಗೇ ತಿಳೀವಲ್ದು." ಅಳಿಯ ಸುಳ್ಳು ಹೇಳುವ ಹುಡುಗನಲ್ಲ. ಅವನ ಇಕಾಮಾದಲ್ಲಿ, ಅಂದರೆ ವಾಸದ ಪರವಾನಿಗೆಯಲ್ಲಿ, ಬರೆದಿರುವ ವೃತ್ತಿಗೆ ಹೆಂಡತಿಯನ್ನು ಖಾಯಂ ಆಗಿ ಕರೆಸಿಕೊಳ್ಳುವ ಅವಕಾಶ ಸಿಗುವುದಿಲ್ಲವೆಂದು ಅವನಿಗೂ ಮದುವೆಗೆ ಮುಂಚೆ ಗೊತ್ತಿರಲಿಲ್ಲ.

ಆದ್ದರಿಂದ ಈ ತಿಂಗಳು, ಮನೆಯಲ್ಲಿ ಮದುವೆಗೆ ಬಂದ ಮಗಳೋ ಮಗನೋ ಇರುವ ಓದುಗರಿಗಾಗಿ ಈ ನಿಯಮಗಳನ್ನು ಸ್ವಲ್ಪ ಬಿಡಿಸಿ ಹೇಳಬೇಕೆನಿಸಿತು.

ಸಂಬಳ ಮತ್ತು ವೃತ್ತಿ

ಮೊದಲು ತಿಳಿಯಬೇಕಾದದ್ದು, ಗಲ್ಫ್ ದೇಶಗಳಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದು ಅಲ್ಲಿ ಕೆಲಸ ಮಾಡುವ ಪ್ರತಿಯೊಬ್ಬನಿಗೂ ತಾನಾಗಿ ಸಿಗುವ ಹಕ್ಕಲ್ಲ. ಸರ್ಕಾರ ಒಂದು ಗೆರೆ ಎಳೆದಿರುತ್ತದೆ. ಆ ಗೆರೆಯ ಮೇಲಿದ್ದವನು ಕುಟುಂಬದ ಪ್ರಾಯೋಜಕನಾಗಬಹುದು, ಕೆಳಗಿದ್ದವನಿಗೆ ಆಗದು. ಗೆರೆ ಒಂದೊಂದು ದೇಶದಲ್ಲಿ ಒಂದೊಂದು ರೀತಿ.

ಸಂಯುಕ್ತ ಅರಬ್ ಸಂಸ್ಥಾನ, ಅಂದರೆ ದುಬೈ, ಅಬುಧಾಬಿ, ಶಾರ್ಜಾ ಮುಂತಾದವು ಸೇರಿದ ದೇಶದಲ್ಲಿ, ಹಿಂದೆ ವೃತ್ತಿಯನ್ನೂ ನೋಡುತ್ತಿದ್ದರು. 2019ರಲ್ಲಿ ಅಲ್ಲಿನ ಸಚಿವ ಸಂಪುಟ ಅದನ್ನು ಬದಲಿಸಿ, ಆದಾಯವನ್ನೇ ಅಳತೆಗೋಲು ಮಾಡಿತು. ತಿಂಗಳಿಗೆ 4,000 ದಿರ್ಹಮ್ ಸಂಬಳ, ಅಥವಾ 3,000 ದಿರ್ಹಮ್ ಜೊತೆಗೆ ವಸತಿ ಇದ್ದವರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದೆಂದಾಯಿತು. 2022ರಲ್ಲಿ ಗಂಡುಮಕ್ಕಳ ವಯಸ್ಸಿನ ಮಿತಿಯನ್ನು 25ಕ್ಕೆ ಏರಿಸಿದರು. ಮದುವೆಯಾಗದ ಹೆಣ್ಣುಮಕ್ಕಳಿಗೆ ವಯಸ್ಸಿನ ಮಿತಿಯಿಲ್ಲ. ಕೇಳಲು ಸುಲಭವೆನಿಸುತ್ತದೆ. ಆದರೆ ಕುಟುಂಬ ಬಂದರೆ ಎಂಟು ಜನರ ಜೊತೆ ಹಂಚಿಕೊಂಡ ಕೋಣೆಯಲ್ಲಿ ಇರಲಾಗದು. ಪ್ರತ್ಯೇಕ ಮನೆಯ ಬಾಡಿಗೆ ಕರಾರು ತೋರಿಸಬೇಕು, ವಿಮೆ ಕಟ್ಟಬೇಕು, ಮಕ್ಕಳ ಶಾಲೆಯ ಶುಲ್ಕ ಹೊಂದಿಸಬೇಕು. 4,000 ದಿರ್ಹಮ್‌ನಲ್ಲಿ ವೀಸಾ ಸಿಗಬಹುದು, ಸಂಸಾರ ನಡೆಯುವುದು ಕಷ್ಟ. ತಂದೆತಾಯಿಯನ್ನು ಕರೆಸುವುದಕ್ಕೆ ಇನ್ನೂ ಹೆಚ್ಚಿನ ಸಂಬಳ ಬೇಕು, ಅವರು ತನ್ನನ್ನೇ ಅವಲಂಬಿಸಿದ್ದಾರೆಂದೂ ತೋರಿಸಬೇಕು.

ಸೌದಿ ಅರೇಬಿಯಾದಲ್ಲಿ ಇಕಾಮಾದಲ್ಲಿ ನಮೂದಾದ ವೃತ್ತಿ ಮುಖ್ಯ. 'ಆಮಿಲ್' ಅಂದರೆ ಕೂಲಿಕಾರ ಎಂದು ನಮೂದಾಗಿದ್ದವನು ನಿಜದಲ್ಲಿ ಅಂಗಡಿಯ ಲೆಕ್ಕ ಬರೆಯುತ್ತಿದ್ದರೂ ಕಚೇರಿ ನೋಡುವುದು ಕಾಗದವನ್ನೇ. ಸಾಮಾನ್ಯವಾಗಿ ಇಂಥವರಿಗೆ ಖಾಯಂ ಕುಟುಂಬ ವೀಸಾ ಸಿಗುವುದಿಲ್ಲ. ಸ್ವಲ್ಪ ಕಾಲದ ಭೇಟಿ ವೀಸಾ ಸಿಗಬಹುದು. ಇದರ ಜೊತೆಗೆ 2017ರ ಜುಲೈಯಿಂದ ಅಲ್ಲಿ ಅವಲಂಬಿತರ ಮೇಲೆ ಶುಲ್ಕ ಬಂತು. ಮೊದಲ ವರ್ಷ ತಲೆಗೆ ತಿಂಗಳಿಗೆ 100 ರಿಯಾಲ್, ಪ್ರತಿವರ್ಷ ನೂರರಂತೆ ಏರಿ 2020ರ ಜುಲೈಗೆ 400 ರಿಯಾಲ್ ಆಯಿತು. ಈ ಲೆಕ್ಕದಲ್ಲಿ ಹೆಂಡತಿ ಮತ್ತು ಇಬ್ಬರು ಮಕ್ಕಳಿಗೆ ವರ್ಷಕ್ಕೆ 14,400 ರಿಯಾಲ್. ನಮ್ಮ ಹಣದಲ್ಲಿ ಮೂರು ಲಕ್ಷ ರೂಪಾಯಿಗೂ ಹೆಚ್ಚು. ಮನೆ ಬಾಡಿಗೆ, ಊಟ, ಶಾಲೆಗೆ ಮೊದಲೇ ಇದನ್ನು ಕಟ್ಟಬೇಕು. ಆ ವರ್ಷಗಳಲ್ಲಿ ಎಷ್ಟೋ ಭಾರತೀಯರು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ತಾವು ಮತ್ತೆ ಬ್ಯಾಚುಲರ್ ಕೋಣೆ ಸೇರಿದ್ದು ಇದೇ ಕಾರಣಕ್ಕೆ.

ಕುವೈತ್‌ನ ಕಥೆ ಇನ್ನೂ ಕಠಿಣ. ಅಲ್ಲಿ ಸಂಬಳದ ಮಿತಿ 2016ರಲ್ಲಿ 450 ದಿನಾರ್, 2019ರಲ್ಲಿ 500 ದಿನಾರ್ ಆಯಿತು. 2022ರಲ್ಲಿ ಕುಟುಂಬ ವೀಸಾವನ್ನೇ ನಿಲ್ಲಿಸಿದರು. 2024ರ ಜನವರಿಯಲ್ಲಿ ಮತ್ತೆ ತೆರೆದಾಗ ಮಿತಿ 800 ದಿನಾರ್‌ಗೆ ಏರಿತ್ತು, ಜೊತೆಗೆ ಪದವಿಯೂ ಬೇಕೆಂದಿತ್ತು. ಪದವಿಯ ಶರತ್ತನ್ನು ಅದೇ ವರ್ಷ ಸಡಿಲಿಸಿದರು. 2018ರಲ್ಲಿ ಹುಡುಗಿಯ ಮನೆಯವರಿಗೆ ಮಾತು ಕೊಟ್ಟ ಹುಡುಗನ ಸಂಬಳ ಅಷ್ಟೇ ಇತ್ತು, ಗೆರೆ ಮಾತ್ರ ಮೇಲೆ ಹೋಯಿತು.

ಅರಬರು ಮಾತ್ರ ಹೀಗೆ ಎಂದುಕೊಳ್ಳಬೇಡಿ. ಬ್ರಿಟನ್‌ನಲ್ಲಿ ನೆಲೆಸಿದವರು ಗಂಡ ಅಥವಾ ಹೆಂಡತಿಯನ್ನು ಕರೆಸಿಕೊಳ್ಳಲು 2012ರಿಂದ ವರ್ಷಕ್ಕೆ 18,600 ಪೌಂಡ್ ಆದಾಯ ತೋರಿಸಬೇಕಿತ್ತು. 2024ರ ಏಪ್ರಿಲ್‌ನಲ್ಲಿ ಅದನ್ನು 29,000 ಪೌಂಡ್ ಮಾಡಿದರು. ಅಲ್ಲಿ ಹುಟ್ಟಿ ಬೆಳೆದ ನಾಗರಿಕರಿಗೂ ಇದೇ ನಿಯಮ. ಪರದೇಶದಲ್ಲಿ ಸಂಸಾರ ಹೂಡುವುದು ಎಲ್ಲ ಕಡೆಯೂ ಸಂಬಳದ ಚೀಟಿಯ ಮೇಲೆ ನಿಂತಿದೆ.

ಕಾಜಿಯವರ ದಫ್ತರ ಮತ್ತು ಸರ್ಕಾರದ ದಫ್ತರ

ಸಂಬಳ ಸರಿಯಿದ್ದೂ ವರ್ಷಗಟ್ಟಲೆ ಕಾಯುವವರಿದ್ದಾರೆ. ಅವರನ್ನು ತಡೆಯುವುದು ಕಾಗದ. ಅದು ನಮ್ಮ ಕೈಯಲ್ಲೇ ಇರುವ ಕೆಲಸವಾದ್ದರಿಂದ ಹೆಚ್ಚು ಬೇಸರವಾಗುತ್ತದೆ.

ಈಜಾಬ್, ಕಬೂಲ್, ಸಾಕ್ಷಿಗಳು, ಮಹ್ರ್. ಇಷ್ಟಾದರೆ ಶರೀಅತ್ ಪ್ರಕಾರ ನಿಕಾಹ್ ಆಯಿತು. ಕಾಜಿಯವರ ದಫ್ತರದಲ್ಲಿ ಸಹಿಯೂ ಆಯಿತು. ಅದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ದುಬೈ ಅಥವಾ ರಿಯಾದ್‌ನ ಅಧಿಕಾರಿಗೆ ನಮ್ಮ ಜಮಾಅತಿನ ಮೊಹರು ಪರಿಚಯವಿಲ್ಲ. ಅವನಿಗೆ ಬೇಕಾದದ್ದು ಸರ್ಕಾರದಲ್ಲಿ ನೋಂದಣಿಯಾದ ವಿವಾಹ ಪ್ರಮಾಣಪತ್ರ, ಅದರ ಮೇಲೆ ಕ್ರಮವಾಗಿ ಬಿದ್ದ ದೃಢೀಕರಣಗಳು.

ನಮ್ಮ ರಾಜ್ಯದಲ್ಲಿ ಎಲ್ಲ ಧರ್ಮದವರ ಮದುವೆ ನೋಂದಣಿಗೂ 1976ರ ಕರ್ನಾಟಕ ವಿವಾಹ ನೋಂದಣಿ ಕಾಯ್ದೆ ಇದೆ. 2006ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಸೀಮಾ ವಿರುದ್ಧ ಅಶ್ವನಿ ಕುಮಾರ್ ಪ್ರಕರಣದಲ್ಲಿ, ಯಾವುದೇ ಧರ್ಮದವರಾಗಲಿ ಎಲ್ಲ ಮದುವೆಗಳ ನೋಂದಣಿ ಕಡ್ಡಾಯವಾಗಬೇಕೆಂದು ರಾಜ್ಯಗಳಿಗೆ ಸೂಚಿಸಿತು. ಹಾಗಿದ್ದೂ ನಮ್ಮಲ್ಲಿ ಬಹಳ ಮಂದಿ ನಿಕಾಹ್‌ನಾಮಾ ಒಂದೇ ಸಾಕೆಂದು ಸುಮ್ಮನಿರುತ್ತಾರೆ.

ಈ ತೊಂದರೆ ಸರ್ಕಾರಕ್ಕೂ ಗೊತ್ತಿತ್ತು. 2023ರ ಆಗಸ್ಟ್ 30ರಂದು ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸಿ, ಮುಸ್ಲಿಮ್ ದಂಪತಿಗಳಿಗೆ ವಿವಾಹ ಪ್ರಮಾಣಪತ್ರ ಕೊಡುವ ಅಧಿಕಾರವನ್ನು ವಕ್ಫ್ ಮಂಡಳಿಗೂ ಅದರ ಜಿಲ್ಲಾ ಅಧಿಕಾರಿಗಳಿಗೂ ಕೊಟ್ಟಿತು. ವಿದೇಶಕ್ಕೆ ಹೋಗುವವರಿಗೆ ಅನುಕೂಲವಾಗಲಿ ಎಂಬುದೇ ಅದರ ಸಮರ್ಥನೆಯಾಗಿತ್ತು. ಇದರ ವಿರುದ್ಧ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೈಕೋರ್ಟಿಗೆ ಹೋಯಿತು. ವಕ್ಫ್ ಕಾಯ್ದೆ ವಕ್ಫ್ ಆಸ್ತಿಗಳಿಗೆ ಸಂಬಂಧಿಸಿದ್ದು, ಮದುವೆಯ ಪ್ರಮಾಣಪತ್ರ ಕೊಡುವ ಅಧಿಕಾರ ಅದರಲ್ಲಿಲ್ಲ ಎಂಬುದು ಆಕ್ಷೇಪ. 2024ರ ನವೆಂಬರ್‌ನಲ್ಲಿ ಹೈಕೋರ್ಟು ಆ ಆದೇಶಕ್ಕೆ ತಡೆ ನೀಡಿತು. ವಕ್ಫ್ ಕಚೇರಿಯಿಂದ ಪತ್ರ ಪಡೆದು ವೀಸಾಕ್ಕೆ ಓಡಾಡುತ್ತಿದ್ದವರ ಪಾಡು ಅತಂತ್ರವಾಯಿತು.

ಈ ಪ್ರಕರಣದ ರಾಜಕೀಯ ಏನೇ ಇರಲಿ, ಹೆಣ್ಣುಮಗಳ ಭವಿಷ್ಯ ಕೋರ್ಟಿನ ದಿನಾಂಕಗಳ ಮೇಲೆ ತೂಗಾಡಬಾರದು. ಸಬ್ ರಜಿಸ್ಟ್ರಾರ್ ಕಚೇರಿ ಹುಕ್ಕೇರಿಯಲ್ಲೇ ಇದೆ. ಮದುವೆಯ ಫೋಟೊ, ನಿಕಾಹ್‌ನಾಮಾ, ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಸಾಕ್ಷಿಗಳು. ಇವಿಷ್ಟನ್ನು ಹೊಂದಿಸಿಕೊಂಡು, ವರ ರಜೆ ಮುಗಿಸಿ ವಿಮಾನ ಹತ್ತುವ ಮೊದಲೇ ನೋಂದಣಿ ಮುಗಿಸಬೇಕು. ಅವನು ಹೋದ ಮೇಲೆ 'ಮುಂದಿನ ರಜೆಯಲ್ಲಿ ನೋಡೋಣ' ಎಂದರೆ ಮುಂದಿನ ರಜೆ ಎರಡು ವರ್ಷಕ್ಕೆ ಬರುತ್ತದೆ.

ಹುಡುಗಿಗೆ 18, ಹುಡುಗನಿಗೆ 21 ತುಂಬಿರುವ ದಾಖಲೆ ಇಲ್ಲದಿದ್ದರೆ ನೋಂದಣಿಯ ಮಾತೇ ಇಲ್ಲ ಎಂಬುದನ್ನೂ ಹಿರಿಯರು ನೆನಪಿಡಬೇಕು.

ಒಂದೇ ಹೆಣ್ಣುಮಗಳು, ನಾಲ್ಕು ಹೆಸರು

ಶಾಲೆಯ ಮೇಷ್ಟ್ರಾದ ನನಗೆ ದಿನವೂ ಕಣ್ಣಿಗೆ ಬೀಳುವ ತೊಡಕು ಹೆಸರಿನದು. ನಮ್ಮ ಬೆಳಗಾವಿ ಸೀಮೆಯಲ್ಲಿ ಮಹಾರಾಷ್ಟ್ರದ ರೂಢಿಯಂತೆ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಹೀಗೆ ಬರೆಯುತ್ತೇವೆ. ಮದುವೆಯಾದ ಮೇಲೆ ತಂದೆಯ ಹೆಸರಿನ ಜಾಗಕ್ಕೆ ಗಂಡನ ಹೆಸರು, ತವರಿನ ಅಡ್ಡಹೆಸರಿನ ಜಾಗಕ್ಕೆ ಗಂಡನ ಅಡ್ಡಹೆಸರು ಬರುತ್ತದೆ. ತವರಿನಲ್ಲಿ ನದಾಫ್ ಆಗಿದ್ದವಳು ಅತ್ತೆಮನೆಯಲ್ಲಿ ಜಮಾದಾರ ಆಗುತ್ತಾಳೆ. ಶಾಲೆಯ ಎಲ್.ಸಿ.ಯಲ್ಲಿ ಕನ್ನಡದಲ್ಲಿ ಒಂದು ರೂಪ, ನಿಕಾಹ್‌ನಾಮಾದಲ್ಲಿ ಉರ್ದುವಿನಲ್ಲಿ ಇನ್ನೊಂದು ರೂಪ, ಮದುವೆಯ ನಂತರ ತಿದ್ದಿದ ಆಧಾರ್‌ನಲ್ಲಿ ಮತ್ತೊಂದು, ಪಾಸ್‌ಪೋರ್ಟಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಮಗದೊಂದು. ಒಂದು ಕಡೆ 'ಬಾನು', ಇನ್ನೊಂದು ಕಡೆ 'ಬೇಗಂ'. ಒಂದು ಕಡೆ 'ಮಹಮ್ಮದ್' ಪೂರ್ತಿ, ಇನ್ನೊಂದು ಕಡೆ 'ಎಂ.ಡಿ.' ಎಂಬ ಎರಡಕ್ಷರ.

ಊರಿನಲ್ಲಿ ಇದರಿಂದ ಏನೂ ಆಗುವುದಿಲ್ಲ, ಎಲ್ಲರಿಗೂ ಆಕೆ ಯಾರೆಂದು ಗೊತ್ತು. ವೀಸಾ ಕಚೇರಿಯ ಕಂಪ್ಯೂಟರಿಗೆ ಅವರು ನಾಲ್ಕು ಬೇರೆ ಬೇರೆ ಹೆಂಗಸರು. ಆಮೇಲೆ ಅಫಿಡವಿಟ್, ತಿದ್ದುಪಡಿ ಅರ್ಜಿ, ಮತ್ತೆ ದೃಢೀಕರಣ ಎಂದು ತಿಂಗಳುಗಳು ಕಳೆಯುತ್ತವೆ. ಹಾಗಾಗಿ ಕಾಜಿ ಸಾಹೇಬರಲ್ಲೂ ಜಮಾಅತಿನ ಕಾರ್ಯದರ್ಶಿಗಳಲ್ಲೂ ನನ್ನದೊಂದು ವಿನಂತಿ: ನಿಕಾಹ್ ಬರೆಯುವಾಗ ವಧೂವರರ ಪಾಸ್‌ಪೋರ್ಟ್ ಇದ್ದರೆ ಅದನ್ನೇ, ಇಲ್ಲದಿದ್ದರೆ ಎಲ್.ಸಿ.ಯನ್ನು ಮುಂದಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಬರೆಯಿರಿ. ಐದು ನಿಮಿಷದ ಕೆಲಸ.

2016ರ ಡಿಸೆಂಬರ್‌ನಲ್ಲಿ ವಿದೇಶಾಂಗ ಇಲಾಖೆ ಪಾಸ್‌ಪೋರ್ಟ್ ಅರ್ಜಿಗೆ ಮದುವೆಯ ಪ್ರಮಾಣಪತ್ರ ಬೇಡವೆಂದು ಸಡಿಲಿಸಿತು. ಇದನ್ನು ಕೇಳಿ ವೀಸಾಕ್ಕೂ ಬೇಡವೆಂದು ತಿಳಿದವರಿದ್ದಾರೆ. ಪಾಸ್‌ಪೋರ್ಟ್ ಕೊಡುವುದು ನಮ್ಮ ಸರ್ಕಾರ, ವೀಸಾ ಕೊಡುವುದು ಆ ದೇಶ. ಅವರಿಗೆ ಪ್ರಮಾಣಪತ್ರ ಬೇಕೇ ಬೇಕು. ಮಕ್ಕಳ ವಿಷಯದಲ್ಲಿ ನಮ್ಮ ನಿಯಮವೂ ಬಿಗಿಯಾಗಿದೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರ ಪಾಸ್‌ಪೋರ್ಟಿಗೆ ಜನನ ಪ್ರಮಾಣಪತ್ರವೊಂದೇ ವಯಸ್ಸಿನ ದಾಖಲೆ ಎಂದು 2025ರಲ್ಲಿ ನಿಯಮ ಬಂದಿದೆ. ಮಗು ಹುಟ್ಟಿದ ಮೇಲೆ ಹೆಸರಿಡಲು ತಡಮಾಡಿ, ಜನನ ಪತ್ರದಲ್ಲಿ ಹೆಸರಿನ ಜಾಗ ಖಾಲಿ ಬಿಡುವ ಅಭ್ಯಾಸ ಇನ್ನು ಸಾಕು. ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು.

ಮೊಹರುಗಳ ದಾರಿ

ನೋಂದಣಿಯಾದ ಪ್ರಮಾಣಪತ್ರ ಗಲ್ಫ್ ತಲುಪುವ ದಾರಿ ಎರಡು. ಸಂಯುಕ್ತ ಅರಬ್ ಸಂಸ್ಥಾನ, ಕುವೈತ್, ಕತಾರ್‌ಗಳಿಗೆ ಹೋಗುವುದಾದರೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ, ನಂತರ ವಿದೇಶಾಂಗ ಇಲಾಖೆಯದು, ಆಮೇಲೆ ಆ ದೇಶದ ರಾಯಭಾರ ಕಚೇರಿಯದು. ಅಲ್ಲಿಗೆ ತಲುಪಿದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯ ಮೊಹರು, ಅರಬಿ ಅನುವಾದ.

ಇನ್ನೊಂದು ದಾರಿ ಅಪೋಸ್ಟಿಲ್. ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳು ಒಬ್ಬರ ದಾಖಲೆಯನ್ನು ಮತ್ತೊಬ್ಬರು ಒಂದೇ ಮುದ್ರೆಯಿಂದ ಒಪ್ಪಿಕೊಳ್ಳುತ್ತಾರೆ. ಭಾರತ 2005ರಿಂದ ಇದರಲ್ಲಿದೆ. ಒಮಾನ್ 2012ರಲ್ಲಿ, ಬಹ್ರೈನ್ 2013ರಲ್ಲಿ ಸೇರಿದವು. ಸೌದಿ ಅರೇಬಿಯಾದಲ್ಲಿ 2022ರ ಡಿಸೆಂಬರ್ 7ರಿಂದ ಇದು ಜಾರಿಗೆ ಬಂತು. ಸೌದಿಗೆ ಕಾಗದ ಕಳಿಸುವವರು ವಿದೇಶಾಂಗ ಇಲಾಖೆಯ ಅಪೋಸ್ಟಿಲ್ ಪಡೆದರೆ, ಹಿಂದಿನಂತೆ ರಾಯಭಾರ ಕಚೇರಿಯ ಬಾಗಿಲು ಕಾಯಬೇಕಿಲ್ಲ. ಹಳೆಯ ದರ ಹೇಳಿ 'ಎಂಬಸಿ ಖರ್ಚು' ಎಂದು ಹಣ ಕೇಳುವ ಏಜೆಂಟರನ್ನು ಈ ಪ್ರಶ್ನೆ ಕೇಳಿ ನೋಡಿ.

ಅದೇ ರೀತಿ ಎಸ್ಸೆಸ್ಸೆಲ್ಸಿ ಪಾಸಾಗದ ಹೆಣ್ಣುಮಕ್ಕಳ ಪಾಸ್‌ಪೋರ್ಟ್ ಇ.ಸಿ.ಆರ್. ವರ್ಗಕ್ಕೆ ಸೇರುತ್ತದೆ. ಇದಕ್ಕೆ 'ಕ್ಲಿಯರೆನ್ಸ್ ಮಾಡಿಸಬೇಕು' ಎಂದು ಹೆದರಿಸುವವರಿದ್ದಾರೆ. 1983ರ ವಲಸೆ ಕಾಯ್ದೆಯ ಆ ಅನುಮತಿ ಉದ್ಯೋಗಕ್ಕೆ ಹೋಗುವವರಿಗೆ ಸಂಬಂಧಿಸಿದ್ದು. ಗಂಡನನ್ನು ಸೇರಲು ಹೋಗುವ ಅವಲಂಬಿತೆಯನ್ನು ಆ ಕಾಯ್ದೆ ಉದ್ಯೋಗದ ವಲಸಿಗಳೆಂದು ಎಣಿಸುವುದಿಲ್ಲ.

ಮಾತುಕತೆಯ ದಿನ

ಇದೆಲ್ಲ ಕೇಳಿ ಗಲ್ಫ್ ಹುಡುಗನಿಗೆ ಹೆಣ್ಣು ಕೊಡಲೇಬಾರದೆಂದು ನಾನು ಹೇಳುತ್ತಿದ್ದೇನೆ ಎಂದು ಯಾರೂ ಭಾವಿಸಬಾರದು. ಮರುಭೂಮಿಯ ಬಿಸಿಲಿನಲ್ಲಿ ದುಡಿದು ತಂಗಿಯರ ಮದುವೆ, ತಂದೆಯ ಸಾಲ, ಮನೆಯ ಸ್ಲ್ಯಾಬ್ ಎಲ್ಲವನ್ನೂ ಮುಗಿಸಿದ ಹುಡುಗರು ನಮ್ಮ ನಡುವೆ ಇದ್ದಾರೆ. ಹೆಂಡತಿ ಊರಿನಲ್ಲಿರಲಿ, ನಾಲ್ಕು ವರ್ಷ ದುಡಿದು ಮರಳಿ ಇಲ್ಲೇ ಅಂಗಡಿ ಹಾಕೋಣ ಎಂದು ಇಬ್ಬರೂ ತಿಳಿದು ಒಪ್ಪಿದರೆ ಅದು ಅವರ ನಿರ್ಧಾರ. ತಿಳಿಯದೆ ಕಾಯುವವಳ ಸ್ಥಿತಿ ಬೇರೆ. ಅವಳು ಪ್ರತಿ ತಿಂಗಳೂ 'ಈ ಸಲ ವೀಸಾ ಬರುತ್ತದೆ' ಎಂದು ಸೂಟ್‌ಕೇಸಿನ ಧೂಳು ಒರೆಸುತ್ತಿರುತ್ತಾಳೆ. ನೆರೆಹೊರೆಯವರ ಪ್ರಶ್ನೆಗೆ ಉತ್ತರಿಸಲಾಗದೆ ಹೊರಗೆ ಬರುವುದನ್ನೇ ಕಡಿಮೆ ಮಾಡುತ್ತಾಳೆ.

ಖಲೀಫಾ ಉಮರ್(ರ)ರ ಕಾಲದ ಪ್ರಸಂಗವೊಂದು ನಮಗೆಲ್ಲ ಗೊತ್ತು. ರಾತ್ರಿ ಮದೀನಾದ ಬೀದಿಗಳಲ್ಲಿ ಸುತ್ತುವಾಗ, ಯುದ್ಧಕ್ಕೆ ಹೋದ ಗಂಡನಿಗಾಗಿ ಕೊರಗುತ್ತಿದ್ದ ಸ್ತ್ರೀಯೊಬ್ಬಳ ದನಿ ಅವರ ಕಿವಿಗೆ ಬಿತ್ತು. ಹೆಂಡತಿ ಗಂಡನಿಂದ ಎಷ್ಟು ಕಾಲ ದೂರ ಇರಬಲ್ಲಳೆಂದು ಅವರು ತಮ್ಮ ಮಗಳು ಹಫ್ಸಾ(ರ)ರನ್ನು ಕೇಳಿದರು. ಉತ್ತರ ಕೆಲವು ವರದಿಗಳಲ್ಲಿ ನಾಲ್ಕು ತಿಂಗಳು, ಕೆಲವುಗಳಲ್ಲಿ ಆರು ತಿಂಗಳು ಎಂದಿದೆ. ಅದಕ್ಕಿಂತ ಹೆಚ್ಚು ಕಾಲ ಸೈನಿಕರನ್ನು ಮನೆಯಿಂದ ದೂರ ಇರಿಸಬಾರದೆಂದು ಖಲೀಫಾ ಆಜ್ಞೆ ಹೊರಡಿಸಿದರು. ರಾಜ್ಯದ ರಕ್ಷಣೆಗೆ ಹೋದವನ ವಿಷಯದಲ್ಲೂ ಹೆಂಡತಿಯ ಮಾತಿಗೆ ಅಷ್ಟು ಬೆಲೆ ಇತ್ತು. ನಾವು ಮದುವೆ ಮಾತುಕತೆಯಲ್ಲಿ ಆಕೆಯನ್ನು ಒಂದು ಮಾತೂ ಕೇಳುವುದಿಲ್ಲ.

ಆದ್ದರಿಂದ ಹೆಣ್ಣಿನ ತಂದೆ, ಮಾಮು, ಚಾಚಾ ಯಾರೇ ಮಾತುಕತೆಗೆ ಕೂರಲಿ, ಸಂಕೋಚ ಬಿಟ್ಟು ಇಷ್ಟು ಕೇಳಬೇಕು. ಇಕಾಮಾದಲ್ಲಿ ಬರೆದ ವೃತ್ತಿ ಯಾವುದು? ಕರಾರಿನಲ್ಲಿ ಬರೆದ ಸಂಬಳ ಎಷ್ಟು? ಆ ಸಂಬಳಕ್ಕೆ ಆ ದೇಶದಲ್ಲಿ ಇಂದು ಕುಟುಂಬ ವೀಸಾ ಸಿಗುತ್ತದೆಯೇ? ಸಿಗದಿದ್ದರೆ ಹುಡುಗಿ ಎಲ್ಲಿರುತ್ತಾಳೆ, ಅವಳ ಖರ್ಚಿನ ಹಣ ಯಾರ ಖಾತೆಗೆ ಬರುತ್ತದೆ? ಹುಡುಗ ಎಷ್ಟು ತಿಂಗಳಿಗೊಮ್ಮೆ ರಜೆಗೆ ಬರುತ್ತಾನೆ? ಗಂಡಿನ ಮನೆಯವರು ಇದನ್ನು ಅವಮಾನವೆಂದು ತಿಳಿಯಬಾರದು. ಚಿನ್ನದ ತೂಕ ಕೇಳುವುದು ಅವಮಾನವಲ್ಲದಿದ್ದರೆ ಇದೂ ಅಲ್ಲ.

ಉತ್ತರ ಬಂದ ಮೇಲೆ ಅದನ್ನು ಹುಡುಗಿಗೆ ಇದ್ದಂತೆಯೇ ಹೇಳಿ, ಅವಳ ಒಪ್ಪಿಗೆ ಪಡೆಯಿರಿ. ನಿಕಾಹ್‌ಗೆ ಅವಳ 'ಹೂಂ' ಬೇಕೆನ್ನುವ ಧರ್ಮ, ಏನನ್ನು ಒಪ್ಪುತ್ತಿದ್ದೇನೆಂದು ತಿಳಿಯುವ ಹಕ್ಕನ್ನೂ ಅವಳಿಗೆ ಕೊಟ್ಟಿದೆ. ಒಪ್ಪಿಕೊಂಡ ಮಾತುಗಳನ್ನು ನಿಕಾಹ್‌ನಾಮಾದಲ್ಲಿ ಎರಡು ಸಾಲು ಬರೆಸುವುದೂ ಒಳ್ಳೆಯದು. ನಿಕಾಹ್ ಸಮಯದ ಶರತ್ತುಗಳನ್ನು ಈಡೇರಿಸಲು ಪ್ರವಾದಿ(ಸ) ವಿಶೇಷವಾಗಿ ಒತ್ತಿ ಹೇಳಿದ್ದಾರೆ.

ಈ ಲೇಖನದ ಅಂಕಿಗಳು ಆಯಾ ವರ್ಷದ ನಿಯಮಗಳವು. ಗೆರೆ ಯಾವಾಗ ಬೇಕಾದರೂ ಮೇಲೆ ಕೆಳಗೆ ಆಗುತ್ತದೆ. ಅರ್ಜಿ ಹಾಕುವ ತಿಂಗಳಿನಲ್ಲಿ ಆ ದೇಶದ ಸರ್ಕಾರಿ ಪ್ರಕಟಣೆಯನ್ನೇ ನೋಡಿಸಿಕೊಳ್ಳಿ. ಈಗಾಗಲೇ ಮದುವೆಯಾಗಿ ನೋಂದಣಿ ಮಾಡಿಸದವರು ಮನೆಯ ಟ್ರಂಕಿನಿಂದ ನಿಕಾಹ್‌ನಾಮಾ ತೆಗೆದು, ಪಾಸ್‌ಪೋರ್ಟಿನ ಪಕ್ಕದಲ್ಲಿಟ್ಟು ಹೆಸರುಗಳನ್ನು ಇವತ್ತೇ ಹೋಲಿಸಿ ನೋಡಿ. ತಪ್ಪು ಕಂಡರೆ ತಿದ್ದಿಸಲು ಶುರುಮಾಡಿ. ಮುಂದಿನ ತಿಂಗಳು, ಗಲ್ಫ್‌ನಿಂದ ಮರಳಿ ಬಂದ ಮಕ್ಕಳನ್ನು ನಮ್ಮ ಶಾಲೆಗಳಿಗೆ ಸೇರಿಸುವಾಗ ಬೇಕಾಗುವ ಕಾಗದಗಳ ಬಗ್ಗೆ ನೋಡೋಣ.